ಬಾಗಿಲು ತೆರೆದಿದ್ದ ಒಂದೇ ಅಂಗಡಿ

ನಮ್ಮ ಕೇರಿಯ ಜನಕ್ಕೆ ಊರಿನಲ್ಲಿ ಎಲ್ಲಕ್ಕಿಂತ ಮೊದಲು ತೆರೆದ ಬಾಗಿಲು ಯಾವುದು ಎಂದು ಯಾರಾದರೂ ಕೇಳಿದರೆ ನಾವು ಯೋಚನೆ ಮಾಡದೆ ಹೇಳುತ್ತೇವೆ: ಸಾರಾಯಿ ಅಂಗಡಿಯದು. ಗುಡಿಯ ಬಾಗಿಲು ನಮಗೆ ತೆರೆಯಲಿಲ್ಲ. ಹೋಟೆಲಿನ ಬಾಗಿಲು ತೆರೆದೇ ಇತ್ತು, ಆದರೆ ನಮ್ಮ ಲೋಟ ಹೊರಗೋಡೆಯ ಗೂಡಿನಲ್ಲಿತ್ತು. ಅದನ್ನು ನಾವೇ ತೊಳೆದು ಹಿಡಿಯಬೇಕಿತ್ತು, ಚಾ ಮೇಲಿನಿಂದ ಬೀಳುತ್ತಿತ್ತು. ಬಾವಿಗೆ ನಾವು ಹಗ್ಗ ಬಿಡುವಂತಿರಲಿಲ್ಲ. ಶಾಲೆಯ ಬಾಗಿಲು ಕಾನೂನಿಗೆ ಹೆದರಿ ತೆರೆಯಿತು, ಅದೂ ಅರ್ಧ. ಸಾರಾಯಿ ಅಂಗಡಿ ಮಾತ್ರ ಹೊತ್ತು ಮೂಡುವ ಮುಂಚೆ ತೆರೆದು, ಊರೆಲ್ಲ ಮಲಗಿದ ಮೇಲೂ ನಮಗಾಗಿ ಕಾದಿರುತ್ತಿತ್ತು. ದುಡ್ಡಿಲ್ಲದಿದ್ದರೆ ಸಾಲ. ಸಾಲ ತೀರದಿದ್ದರೆ ಭತ್ತ. ಭತ್ತವೂ ಇಲ್ಲದಿದ್ದರೆ ಹೆಂಡತಿಯ ಮೂಗುಬೊಟ್ಟು.

ಈ ಔದಾರ್ಯ ಪುಕ್ಕಟೆಯದಲ್ಲ ಎಂಬುದು ನಮ್ಮ ಅಪ್ಪಂದಿರಿಗೂ ಗೊತ್ತಿತ್ತು. ಆಗ ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜು ಹಿಡಿದ ಗುತ್ತಿಗೆದಾರ ತಾನು ಕಟ್ಟಿದ ದುಡ್ಡನ್ನು ನಮ್ಮ ಗಂಟಲಿನಿಂದಲೇ ವಸೂಲಿ ಮಾಡಬೇಕಿತ್ತು. ಅವನಿಗೆ ಬೇಕಾದ್ದು ನಮ್ಮ ಕೂಲಿ, ಜಾತಿ ಕಟ್ಟಿಕೊಂಡು ಅವನಿಗೇನಾಗಬೇಕು? ಹಾಗಿದ್ದೂ ಒಳಗೆ ಹೋದ ಮೇಲೆ ಜಾತಿ ಸುಮ್ಮನಿರುತ್ತಿರಲಿಲ್ಲ. ಊರಿನವರಿಗೆ ಗಾಜಿನ ಲೋಟ, ನಮಗೆ ತೆಂಗಿನ ಕರಟ. ಅವರಿಗೆ ಬೆಂಚು, ನಮಗೆ ಹಿತ್ತಲು. ಆದರೂ ಮಳೆಯಲ್ಲಿ ನೆನೆಯದೆ ನಿಲ್ಲಲು ಅದೊಂದು ಸೂರಾಗಿತ್ತು. ದಿನವೆಲ್ಲ 'ಏ ಇವನೇ' ಅನ್ನಿಸಿಕೊಂಡವನು ಅಲ್ಲಿ ಎರಡು ಗಳಿಗೆ ತನ್ನ ಮಾತು ತಾನು ಆಡಬಹುದಿತ್ತು. ಇದನ್ನು ತಿಳಿಯದೆ 'ಹರಿಜನರು ಕುಡೀತಾರೆ, ಅದಕ್ಕೇ ಉದ್ಧಾರ ಆಗಲ್ಲ' ಎಂದು ಷರಾ ಬರೆಯುವ ದೊಡ್ಡವರ ಮಾತನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಅವರ ಮನೆಯ ಬೀರುವಿನಲ್ಲಿರುವ ಬಾಟಲಿಗೆ ಮಾತ್ರ ಯಾರೂ ಷರಾ ಬರೆದದ್ದಿಲ್ಲ.

ಈ ಹಳೆಯ ಸಂಗತಿಯನ್ನು ಇವತ್ತಿನ ಕಣ್ಣಿಂದ ಮತ್ತೆ ನೋಡುವಂತೆ ಮಾಡಿದ್ದು ಬಳ್ಳಿಗಾವಿ. ಅಲ್ಲಿಗೆ ನಾವು ಹೋದದ್ದು ಶಾಸನ ನೋಡಲು. ನಾವು ಅಂದರೆ ಮೂರು ಜನ: ಒಬ್ಬರು ಹಳ್ಳಿ ಶಾಲೆಯ ಮೇಷ್ಟ್ರು, ಒಬ್ಬ ಎಂ.ಎ. ಓದುವ ಹುಡುಗ, ಇನ್ನೊಬ್ಬರು ಸಂಘದ ಕೆಲಸದಲ್ಲೇ ಕೂದಲು ಹಣ್ಣಾದವರು. ಮೂವರೂ ಕೇರಿಯಲ್ಲಿ ಹುಟ್ಟಿದವರು. ಮೂವರ ಮೈಮೇಲೂ ಇಸ್ತ್ರಿ ಹಾಕಿದ ಬಟ್ಟೆ ಇತ್ತು.

ಶಿಕಾರಿಪುರ ತಾಲ್ಲೂಕಿನ ಈ ಊರು ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಈಗ ನೋಡಿದರೆ ಸಣ್ಣ ಹಳ್ಳಿ. ಚಾಲುಕ್ಯರ ಕಾಲದಲ್ಲಿ ಬನವಾಸಿ 12000ದ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳಿವೆ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ ಇದೆ. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ದಾಸೋಜ, ಅವನ ಮಗ ಚಾವಣ ಈ ಊರಿನವರು. ಅಲ್ಲಮಪ್ರಭು ಹುಟ್ಟಿದ್ದೂ ಇಲ್ಲೇ ಎಂದು ಜನ ನಂಬುತ್ತಾರೆ. ಕಥೆಗಳಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಆ ಮದ್ದಳೆಯ ಚರ್ಮ ಹದ ಮಾಡಿದವರು ಯಾರು, ಈ ಕಲ್ಲುಗಳನ್ನು ಹೊತ್ತು ತಂದವರು ಯಾರು ಎಂದು ನಮ್ಮ ಎಂ.ಎ. ಹುಡುಗ ಕೇಳಿದ. ನಾವು ಅವತ್ತು ಓದಿದ ಕಲ್ಲುಗಳಲ್ಲಿ ಅವರ ಹೆಸರು ಇರಲಿಲ್ಲ.

ಗುಡಿಯ ಅಂಗಳದಲ್ಲಿ ಒಬ್ಬ ಹಿರಿಯರು ನಮಗೆ ಊರಿನ ಕಥೆ ಹೇಳಲು ಬಂದರು. ಒಳ್ಳೆಯ ಮಾತುಗಾರರು. ಎರಡನೆಯ ವಾಕ್ಯಕ್ಕೇ 'ತಾವು ಯಾವ ಕಡೆಯೋರು? ಯಾರ ಪೈಕಿ?' ಎಂದರು. ಹೇಳಿದೆವು. ಕಥೆ ನಿಲ್ಲಲಿಲ್ಲ, ಆದರೆ ಒಂದು ಮಾರು ಹಿಂದೆ ಸರಿದು ಮುಂದುವರಿಯಿತು. ಇಂಥದ್ದಕ್ಕೆ ನಾವು ಹೊಸಬರಲ್ಲ. ಕಾನೂನಿನಲ್ಲಿ ಇದಕ್ಕೆ ಕಲಮೂ ಇಲ್ಲ. ಒಂದು ಮಾರು ಹಿಂದೆ ಸರಿದವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಹೊತ್ತಿಳಿಯುವಾಗ ಬಸ್ಸಿಗೆಂದು ರಸ್ತೆಗೆ ಬಂದೆವು. ಬಸ್ಸಿಗೆ ಇನ್ನೂ ಸಮಯವಿತ್ತು. ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಒಂದು ಬ್ರಾಂದಿ ಅಂಗಡಿ. ಹೆಸರು ಬೇಡ. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿ, ಯಾವ ದಾರಿಯಲ್ಲಿ ಹೋದರೂ ಅಂಥದ್ದು ಸಿಗುತ್ತದೆ. ಎದುರಿಗೆ ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಒಂದು ಕೈ ಹಿಡಿಸುವ ಕಂಡಿ. ದುಡ್ಡು ಒಳಗೆ ಹೋಗುತ್ತದೆ, ಸರಕು ಹೊರಗೆ ಬರುತ್ತದೆ. ಕಾನೂನಿನ ಪ್ರಕಾರ ಇಂಥ ಅಂಗಡಿ ಮುಚ್ಚಳ ಹಾಕಿದ್ದನ್ನು ಮಾರಬಹುದು, ಅಲ್ಲೇ ಕುಡಿಸುವಂತಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ತಗಡಿನ ಚಪ್ಪರ. ಚಪ್ಪರ ಯಾರದು ಅಂದರೆ ಯಾರದೂ ಅಲ್ಲ. ಅದರ ಕೆಳಗೆ ಎರಡು ಬೆಂಚು, ಉದ್ದಕ್ಕೆ ಮಲಗಿಸಿದ ಒಂದು ಕರೆಂಟು ಕಂಬ, ಖಾರಾ ಮಂಡಕ್ಕಿ ಮತ್ತು ಬೇಯಿಸಿದ ಮೊಟ್ಟೆ ಮಾರುವ ಒಂದು ತಳ್ಳುಗಾಡಿ. ಕಾಲಡಿ ಹರಿದ ಪಾಕೀಟುಗಳ ಹಾಸಿಗೆ.

ನಾವು ಚಪ್ಪರದೊಳಗೆ ಕಾಲಿಟ್ಟಾಗ ಮಾತು ನಿಂತಿತು. ಹತ್ತು ಹದಿನೈದು ಜನ ಇದ್ದರು. ಶುಂಠಿ ಕೀಳಲು ಹೋಗಿ ಬಂದವರು, ಅಡಿಕೆ ಕೊಯ್ಲಿನವರು, ಗಾರೆ ಕೆಲಸದವರು. ಕೈಕಾಲಿಗೆ ಮಣ್ಣು ಮೆತ್ತಿಕೊಂಡೇ ಇತ್ತು. ನಮ್ಮ ಚಪ್ಪಲಿ ನೋಡಿದರು, ಹೆಗಲ ಚೀಲ ನೋಡಿದರು.

'ಯಾರ್ರೀ ನೀವು? ಅಬಕಾರಿಯೋರಾ?' ಎಂದ ಒಬ್ಬ ಯಜಮಾನ.

'ಅಲ್ಲಣ್ಣಾ. ಗುಡಿ ನೋಡೋಕೆ ಬಂದಿದ್ವಿ.'

'ಗುಡಿ ಆ ಕಡಿಗೆ ಐತಲ್ರೀ. ಇದು ನಮ್ದು.'

ಎಲ್ಲರೂ ನಕ್ಕರು. ನಾವೂ ನಕ್ಕೆವು. ಮೇಷ್ಟ್ರು ಮೂರು ಸೋಡಾ ತಂದರು. ಅದಕ್ಕೂ ಆ ಯಜಮಾನನ ತಕರಾರು. 'ಇಲ್ಲಿ ಬಂದು ಬರೇ ಸೋಡಾ ಕುಡಿಯೋರು ಎರಡೇ ಜಾತಿ ನೋಡ್ರಿ. ಒಂದು ಪೊಲೀಸ್ನೋರು, ಇನ್ನೊಂದು ಓಟು ಕೇಳೋರು. ನೀವು ಯಾವ ಪೈಕಿ?'

ಬೆಳಗಿನಿಂದ ಎರಡನೆಯ ಸಲ ಆ ಪ್ರಶ್ನೆ ಬಂದಿತ್ತು. ಆದರೆ ಇಲ್ಲಿ ಅದು ತಮಾಷೆಯಾಗಿ ಬಂದಿತ್ತು, ಉತ್ತರಕ್ಕೆ ಯಾರೂ ಕಾಯಲಿಲ್ಲ. ಬೆಂಚಿನ ಮೇಲಿದ್ದ ಇಬ್ಬರು ಸರಿದು ಜಾಗ ಕೊಟ್ಟರು. 'ಕುಂದ್ರಿ ಮೇಷ್ಟ್ರೇ' ಎಂದರು. ಮೇಷ್ಟ್ರು ಎಂದು ನಾವು ಹೇಳಿರಲಿಲ್ಲ. ಜೇಬಿನ ಪೆನ್ನು ಹೇಳಿತ್ತು. ಮಂಡಕ್ಕಿಯ ಕಾಗದ ನಮ್ಮ ಕಡೆಗೂ ಬಂತು. ಒಂದೇ ಪೊಟ್ಟಣಕ್ಕೆ ಏಳು ಕೈ. ಯಾರ ಕೈ ಯಾವ ಕೇರಿಯದು ಎಂದು ಯಾರೂ ನೋಡಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಗೆಳೆಯರೇ? ನಮಗೆ ಹಿತವಾಯಿತು. ಸಾವಿರ ವರ್ಷದ ಗುಡಿಯ ಅಂಗಳದಲ್ಲಿ ಸಿಗದ ಒಂದು ಗೇಣು ಜಾಗ ತಗಡಿನ ಚಪ್ಪರದಲ್ಲಿ ಸಿಕ್ಕಿತ್ತು.

ಆದರೆ ಸ್ವಲ್ಪ ಹೊತ್ತು ಕೂತರೆ ಇನ್ನೂ ಕೆಲವು ಕಾಣುತ್ತವೆ. ಎರಡು ಬೆಂಚಿನಲ್ಲಿ ಅರ್ಧ ಬೆಂಚು ಖಾಲಿ ಇತ್ತು. ಐದು ಜನ ಮಾತ್ರ ಆಚೆ ತುದಿಯಲ್ಲಿ ನೆಲದ ಮೇಲೆ ಕೂತಿದ್ದರು. 'ಮೇಲೆ ಜಾಗ ಐತಲ್ಲ, ಬರ್ರಿ' ಎಂದೆವು. 'ಇಲ್ಲೇ ಸರಿ ಐತಿ ಬಿಡ್ರಿ' ಎಂದರು. ಯಾರೂ ಅವರನ್ನು ನೆಲಕ್ಕೆ ಕೂರಿಸಿರಲಿಲ್ಲ. ಎದ್ದು ಬಾ ಎಂದವರೂ ಇರಲಿಲ್ಲ. ಅವರು ಯಾರ ಪೈಕಿ ಎಂದು ನಾವು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಮ್ಮ ತಂದೆ ಹಾಗೆಯೇ ಕೂರುತ್ತಿದ್ದರು.

ಇನ್ನೊಂದು, ಲೋಟದ ಸಂಗತಿ. ಎಲ್ಲರ ಕೈಯಲ್ಲೂ ಒಂದೇ ಥರದ ಪ್ಲಾಸ್ಟಿಕ್ ಲೋಟ. ನೆಲದ ಮೇಲಿದ್ದವರಿಗೂ ಅದೇ, ಬೆಂಚಿನ ಮೇಲಿದ್ದವರಿಗೂ ಅದೇ. ಕುಡಿದರು, ಹಿಚುಕಿದರು, ಎಸೆದರು. ನಮ್ಮ ಹುಡುಗ ಅದನ್ನು ಬಹಳ ಹೊತ್ತು ನೋಡಿ, 'ಎರಡು ಲೋಟದ ಪದ್ಧತಿಯನ್ನು ತೆಗೆದದ್ದು ನಮ್ಮ ಚಳವಳಿ ಅಂದ್ಕೊಂಡಿದ್ದೆ. ಇಲ್ಲಿ ಪ್ಲಾಸ್ಟಿಕ್ ಕಂಪನಿಯೋರು ತೆಗೆದುಬಿಟ್ಟಾರಲ್ಲ' ಎಂದ. ನಗುವ ಮಾತಲ್ಲ ಅದು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಲ್ಲರಿಗೂ ತೆರೆದಿರಬೇಕೆಂದಿತು. 1955ರಲ್ಲಿ ಅದಕ್ಕೆ ಕಾನೂನೂ ಬಂತು. ಇಷ್ಟೆಲ್ಲ ಆದ ಮೇಲೂ ನಾವು ಮುಟ್ಟಿದ ಲೋಟವನ್ನು ತೊಳೆದು ತಾನು ಕುಡಿಯಲು ಊರಿನ ಮನಸ್ಸು ಒಪ್ಪಲಿಲ್ಲ. ಕೊನೆಗೆ ತೊಳೆಯುವ ಪ್ರಶ್ನೆಯೇ ಇಲ್ಲದ ಲೋಟ ಬಂತು. ಲೋಟ ಸಮಾನವಾಯಿತು. ಮದುವೆ ಮನೆಯಲ್ಲಿ, ಚಾ ಅಂಗಡಿಯಲ್ಲಿ ಈಗ ಪೇಪರ್ ಲೋಟ ನೋಡಿ 'ನಮ್ಮೂರಲ್ಲಿ ಭೇದ ಇಲ್ಲ' ಅನ್ನುವವರಿದ್ದಾರೆ. ಹಿತ್ತಾಳೆಯ ಲೋಟ ತರಲಿ, ಆಮೇಲೆ ಮಾತಾಡೋಣ.

ಆ ಯಜಮಾನನೂ ಇದನ್ನು ಅವನ ರೀತಿಯಲ್ಲಿ ಹೇಳಿದ. ಎರಡನೆಯ ನೈಂಟಿ ಒಡೆದಿದ್ದ. 'ನಮ್ಮ ಗೌಡ್ರ ಮಗ ಇಲ್ಲೇ ನನ್ನ ಹೆಗಲ ಮೇಲೆ ಕೈ ಹಾಕ್ಕಂಡು ಕಾಕಾ ಅಂತಾನ್ರೀ. ಕಾಕಾ, ನೀನು ನಮ್ಮಪ್ಪ ಇದ್ದಂಗೆ ಅಂತಾನೆ. ಬೆಳಿಗ್ಗೆ ಅವರ ಅಂಗಳಕ್ಕೆ ಹೋದ್ರೆ, ಅಲ್ಲೇ ನಿಂತ್ಕ ಅಂತಾನೆ. ನಾನು ಅಲ್ಲೇ ನಿಂತ್ಕತೀನಿ. ಇಬ್ಬರಿಗೂ ಇಳಿದಿರ್ತೈತಿ ನೋಡ್ರಿ.'

ಆಗ ನಾವು ಕಂಡದ್ದು ಇನ್ನೊಂದು. ಈ ಲೇಖನ ಬರೆಯಲು ನಿಜವಾದ ಕಾರಣ ಅದೇ.

ಕತ್ತಲಾಗುವ ಹೊತ್ತಿಗೆ ಒಂದು ಬೈಕು ಬಂದು ನಿಂತಿತು. ಇಳಿದವನು ಮೇಸ್ತ್ರಿ. ಶುಂಠಿ ಹೊಲಕ್ಕೆ ಆಳು ಒದಗಿಸುವವನು. ನೆಲದ ಮೇಲೆ ಕೂತಿದ್ದ ಐದೂ ಜನ ಎದ್ದು ನಿಂತರು. ಅವರಿಗೆ ಅವತ್ತಿನ ಬಟವಾಡೆ ಆಗಬೇಕಿತ್ತು. ಮೇಸ್ತ್ರಿ ಐನೂರರ ನಾಲ್ಕು ನೋಟು ಎಣಿಸಿ ಒಬ್ಬನ ಕೈಗೆ ಕೊಟ್ಟ. 'ಹಂಚ್ಕಳ್ರೋ' ಎಂದ. ಐದು ಆಳು, ನಾಲ್ಕು ನೋಟು. ತಲೆಗೆ ನಾನೂರು. ಚಿಲ್ಲರೆ ಎಲ್ಲಿ? ಸುತ್ತ ಹೊಲ, ತೋಟ. ಕತ್ತಲು. ಚಿಲ್ಲರೆ ಇರುವ ಪೆಟ್ಟಿಗೆ ಜಾಲರಿಯ ಹಿಂದೆ ಮಾತ್ರ ಇದೆ. ಬರೀ ಚಿಲ್ಲರೆ ಕೇಳಿದರೆ ಅಂಗಡಿಯವನು ಕೊಡುತ್ತಾನೆಯೇ? ಒಂದೊಂದು ನೋಟಿಗೆ ಒಂದೊಂದು ನೈಂಟಿ ತಗೊಂಡರೆ ಕೊಡುತ್ತಾನೆ. ಐದು ಜನರಲ್ಲಿ ಒಬ್ಬ ಹುಡುಗ, ಇಪ್ಪತ್ತು ದಾಟಿರಲಾರದು, ಕುಡಿಯದವನು. ಅವನ ಪಾಲಿನಲ್ಲೂ ಒಂದು ಪಾಕೀಟಿನ ದುಡ್ಡು ಮುರಿದುಹೋಯಿತು. ಅವನು ಪಾಕೀಟು ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. 'ಯಾರಿಗಾದ್ರೂ ಕೊಡೋ, ಇಲ್ಲಾ ಇವತ್ತು ಕಲ್ತ್ಕ' ಎಂದು ಒಬ್ಬ ನಕ್ಕ.

ಕುಡಿತ ಕಲಿಯುವುದು ಹೀಗೆ. ದುಃಖಕ್ಕೆ ಕುಡಿಯುತ್ತಾರೆ, ದಣಿವಿಗೆ ಕುಡಿಯುತ್ತಾರೆ ಎಂದು ನಾವು ಕಥೆ, ಕವಿತೆಗಳಲ್ಲಿ ಬರೆದಿದ್ದೇವೆ. ಸರಿ. ಆದರೆ ಚಿಲ್ಲರೆಗೂ ಕುಡಿಯುತ್ತಾರೆ. ಕೂಲಿ ಹುಟ್ಟುವ ಜಾಗ ಹೊಲ. ಕೈಗೆ ಬರುವ ಜಾಗ ಹೆಂಡದಂಗಡಿ. ನಡುವೆ ಮನೆ ಸಿಗುವುದಿಲ್ಲ.

ಇದು ನಮ್ಮ ಸೀಮೆಯಲ್ಲಿ ಮಾತ್ರ ಇರುವ ಕುತಂತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಕೂಲಿಕಾರರಿಗೆ ಪಬ್ಬಿನಲ್ಲೇ ಸಂಬಳ ಕೊಡುವ ಚಾಳಿ ಇತ್ತು. ಅಲ್ಲಿಯ ಪಾರ್ಲಿಮೆಂಟು 1883ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಬೇಕಾಯಿತು. 1949ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೂಲಿಯ ರಕ್ಷಣೆಗೆ ಒಂದು ಒಡಂಬಡಿಕೆ ಮಾಡಿತು. ಕೂಲಿಯನ್ನು ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಕೊಡಬೇಕು, ಹೆಂಡದಂಗಡಿಯಲ್ಲಿ ಕೊಡಬಾರದು ಎಂದು ಅದರಲ್ಲಿ ಬರೆದಿದೆ. ಲೋಕದ ಯಜಮಾನರೆಲ್ಲ ಒಂದೇ ದಾರಿ ಹಿಡಿದಿದ್ದರಿಂದ ತಾನೇ ಇಂಥ ಬರಹ ಬೇಕಾದದ್ದು?

ಚಪ್ಪರದ ಹೊರಗೆ, ಬೆಳಕು ಮುಗಿಯುವ ಕಡೆ, ಒಬ್ಬ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಕೂಸು. ಸೆರಗಿನ ತುದಿ ಕಪ್ಪಾಗಿತ್ತು, ಬೆರಳೂ ಕಪ್ಪು. ಹಸಿ ಅಡಿಕೆ ಸುಲಿಯುವವರ ಕೈ ಹಾಗಿರುತ್ತದೆ. ಗಂಡ ಆ ಐವರಲ್ಲಿ ಒಬ್ಬ. ಬಂದು ಎಷ್ಟು ಹೊತ್ತಾಗಿತ್ತೋ. ಸಂಘದ ಹಿರಿಯರು ಹತ್ತಿರ ಹೋಗಿ, 'ಯಾಕವ್ವಾ, ಒಳಗೆ ಬಂದು ಕರೀಬಾರ್ದಾ?' ಎಂದರು.

'ನಾನ್ಯಾಕೆ ಬರ್ಲಿ ಯಪ್ಪಾ ಅದರೊಳಗೆ? ನನ್ನ ಮನಿನೇ ಅದರೊಳಗೆ ಐತಿ' ಎಂದಳು.

ಆಮೇಲೆ ತಾನಾಗಿಯೇ ಮಾತಾಡಿದಳು. 'ಸಾರಾಯಿ ಬಂದ್ ಆದಾಗ ನಮ್ಮತ್ತೆ ಚೌಡವ್ವಗೆ ಕಾಯಿ ಒಡಸಿದ್ಳಂತೆ. ಆಮೇಲೆ ಇದು ಬಂತು. ಅದು ಅಗ್ಗ ಇತ್ತು, ಇದು ತುಟ್ಟಿ. ಅಷ್ಟೇ ಬದಲಾಗಿದ್ದು. ಸರ್ಕಾರದ ಎರಡು ಸಾವಿರ ನನ್ನ ಹೆಸರಿಗೆ ಬರ್ತೈತಿ, ಇವನ ಹೆಸರಲ್ಲಿ ವಾಪಸ್ ಹೋಗ್ತೈತಿ. ಅಂಗಡಿ ಮುಚ್ಚಸ್ತೀವಿ ಅಂತ ಬರ್ತೀರಿ ನೀವು. ಮುಚ್ಚಸ್ರಿ, ಬ್ಯಾಡ ಅಂದೋರ್ಯಾರು. ಮೊದಲು ಆ ಮೇಸ್ತ್ರಿಗೆ ಹೇಳ್ರಿ, ಪಗಾರ ಇಲ್ಲಿ ಕೊಡಬ್ಯಾಡ ಅಂತ. ಹೊಲದ ಬದುವಿನ ಮ್ಯಾಲೆ ಕೊಡ್ಲಿ. ನಾನು ಬಂದು ಇಸ್ಕಂಡು ಹೋಗ್ತೀನಿ.'

ಅಷ್ಟು ಹೊತ್ತು ಆ ಜಾಗದಲ್ಲಿ ನಾವೇ ಹೊರಗಿನವರಾಗಿದ್ದೆವು. ಹೊರಗಿನವರಾದರೂ ನಮಗೆ ಬೆಂಚು ಸಿಕ್ಕಿತು, ಮಂಡಕ್ಕಿ ಸಿಕ್ಕಿತು, ಮರ್ಯಾದೆ ಸಿಕ್ಕಿತು. ಗಂಡಸರಾಗಿದ್ದಕ್ಕೆ ಸಿಕ್ಕಿತು. ಈ ಚಪ್ಪರಕ್ಕೆ ದಿನವೂ ದುಡ್ಡು ಕೊಡುವವಳು ಅದರ ಬೆಳಕಿನ ಅಂಚಿನಲ್ಲಿ ನಿಂತಿದ್ದಳು. ಊರು ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿತು ಎಂದು ಸಿಟ್ಟಿನಿಂದ ಬರೆಯುವ ನಾವು ಈ ಚಿತ್ರವನ್ನೂ ಅಷ್ಟೇ ಸಿಟ್ಟಿನಿಂದ ಬರೆಯಬೇಕು.

ಆಕೆ ಹೇಳಿದ ಲೆಕ್ಕವನ್ನು ಸರ್ಕಾರದ ಕಾಗದದಲ್ಲೂ ನೋಡಬಹುದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಹಣಕಾಸು ಖಾತೆ ಇದ್ದದ್ದು ಇದೇ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ. ಹರಾಜು ಗುತ್ತಿಗೆದಾರರ ಕಾಲ ಮುಗಿಯಿತೆಂದು ನಾವೂ ಖುಷಿಪಟ್ಟೆವು. ಆದರೆ ಅದಕ್ಕೂ ಮೊದಲೇ, 2003ರಲ್ಲಿ, ಸಗಟು ಮದ್ಯದ ವ್ಯಾಪಾರಕ್ಕೆ ಸರ್ಕಾರ ತನ್ನದೇ ಪಾನೀಯ ನಿಗಮ ಕಟ್ಟಿಕೊಂಡಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಅಗ್ಗದ ಬ್ರಾಂದಿ ಬಂದು ಕೂತವು. ಎಂ.ಎಸ್.ಐ.ಎಲ್. ಅಂಗಡಿಗಳ ಮೂಲಕ ಸರ್ಕಾರವೇ ಚಿಲ್ಲರೆ ಮಾರಾಟಕ್ಕೂ ಇಳಿಯಿತು. ಸಾರಾಯಿಗೆ 'ಸಾರಾಯಿ' ಎಂಬ ಹೆಸರಿದ್ದುದರಿಂದ ಅದು ಬಡವರ ಚಟವಾಗಿತ್ತು. ಈಗ ಇಂಗ್ಲಿಷ್ ಹೆಸರಿದೆ. ಕುಡಿಯುವವನ ಕರುಳಿಗೆ ಇಂಗ್ಲಿಷ್ ಬರುವುದಿಲ್ಲ.

ಸಂವಿಧಾನದ 47ನೆಯ ವಿಧಿ ಮದ್ಯಪಾನ ನಿಲ್ಲಿಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸಂಗ್ರಹಿಸಬೇಕೆಂದು ಗೊತ್ತುಮಾಡಿದ ಗುರಿ 40,000 ಕೋಟಿ ರೂಪಾಯಿ. ಗುರಿ ಎಂದರೆ ಇಷ್ಟು ಕುಡಿಯಲೇಬೇಕು ಎಂದು ಅರ್ಥ. 2023ರಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡ 20ರಷ್ಟು ಏರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಶುರುವಾಯಿತು. ಆ 2,000 ಬೇಡ ಎಂದು ನಾವು ಹೇಳುವುದಿಲ್ಲ. ಅದು ಆಕೆಯ ಹಕ್ಕು, ಅದರಿಂದ ಎಷ್ಟೋ ಒಲೆ ಉರಿದಿವೆ. ಆದರೆ ಆ ಹೆಂಗಸು ಒಂದು ಕಡೆ ಸರ್ಕಾರವನ್ನು, ಇನ್ನೊಂದು ಕಡೆ ಗಂಡನನ್ನು ಇಟ್ಟು ತೂಗಿದ ಮಾತಿಗೆ ಯಾವ ಮಂತ್ರಿ ಉತ್ತರ ಕೊಡುತ್ತಾನೆ?

'ಹೊರಗಿನವರಿಗೆ ಇಲ್ಲೇನು ಕೆಲಸ?' ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದರು. ಗುಂಪು ಅವರ ಮೇಲೆ, ಪೊಲೀಸರ ಮೇಲೆ ಬಿದ್ದು, ಹೊಡೆದು, ಬಟ್ಟೆ ಬಿಚ್ಚಿಸಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅವತ್ತೂ ಊರು ಹೇಳಿದ್ದು ಇದನ್ನೇ: ಹೊರಗಿನವರು ಬಂದು ಕೆಡಿಸಿದರು. ಹೊರಗಿನವರು ಯಾರು? ಬೆತ್ತಲೆ ಮಾಡಿಸಿಕೊಳ್ಳುತ್ತಿದ್ದವರಲ್ಲಿ ನಮ್ಮ ಅಕ್ಕತಂಗಿಯರಿದ್ದರು. ಅಲ್ಲಿ ನಾವು ಒಳಗಿನವರೇ. ಈ ಚಪ್ಪರದಲ್ಲೂ ನಾವು ಒಳಗಿನವರೇ. ಇಸ್ತ್ರಿ ಬಟ್ಟೆ ಹಾಕಿದ್ದರಿಂದ ಅಪ್ಪನ ಜಾಗ ಮರೆಯುವುದಿಲ್ಲ.

ಆದರೆ ಒಳಗೆ ಹೋಗುವ ರೀತಿ ಒಂದಿದೆ. ಪ್ರೊ. ಬಿ. ಕೃಷ್ಣಪ್ಪನವರು ಇದೇ ಜಿಲ್ಲೆಯ ಭದ್ರಾವತಿಯಲ್ಲಿದ್ದುಕೊಂಡು 1970ರ ದಶಕದಲ್ಲಿ ಕಟ್ಟಿದ ಸಮಿತಿ ಮುಂದೆ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಕೂಗಿತು. ಆ ಕೂಗಿನಲ್ಲಿ ಎರಡು ಭಾಗ ಇವೆ. ಈಚೆಗೆ ನಾವು ಮೊದಲಿನ ಅರ್ಧವನ್ನು ಹಿಡಿದು ಎರಡನೆಯ ಅರ್ಧವನ್ನು ಬಿಟ್ಟಿದ್ದೇವೆ. ಬೇಡ ಎನ್ನುವುದರ ಜೊತೆಗೆ ಬೇಕು ಎನ್ನುವುದನ್ನು ಇಡದಿದ್ದರೆ ನಮ್ಮ ಮಾತು ಸ್ವಾಮಿಗಳ ಪ್ರವಚನವಾಗುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಬಡ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರು ನಡೆದರು. ಒಬ್ಬಾಕೆ ದಾರಿಯಲ್ಲೇ ವಾಹನ ಬಡಿದು ಸತ್ತಳು. ಅವರು ಪ್ರವಚನ ಮಾಡಲು ನಡೆದವರಲ್ಲ. ತಮ್ಮ ಒಲೆಯ ಲೆಕ್ಕ ಹಿಡಿದು ನಡೆದವರು.

ಬಳ್ಳಿಗಾವಿಯ ಕೋಡಿಯ ಮಠದ ಶಾಸನ 1162ರದು. ಬಿ.ಎಲ್. ರೈಸ್ ಅದನ್ನು 1902ರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟದಲ್ಲಿ ಅಚ್ಚು ಹಾಕಿಸಿದ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಎಲ್ಲರಿಗೂ ಆ ಮಠದಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದು ಅದು ಹೇಳುತ್ತದೆ. ಆ ಪಂಕ್ತಿಯಲ್ಲಿ ನಮ್ಮವರು ಎಲ್ಲಿ ಕೂತಿದ್ದರು ಎಂದು ಕಲ್ಲು ಹೇಳುವುದಿಲ್ಲ. ಆದರೂ ಒಂದು ಊರು ಇಂಥ ಬಾಗಿಲು ಇಟ್ಟುಕೊಳ್ಳಬೇಕು ಎಂಬ ಆಸೆಯಾದರೂ ಕಲ್ಲಿನ ಮೇಲೆ ಉಳಿದಿದೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಅವನ ವಚನಗಳು ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಇವತ್ತಿಗೂ ಉಳಿದಿವೆ. ಹೆಂಡ ಮಾರುವವನಿಗೂ ಹೆಸರು ಹಿಡಿದು ಜಾಗ ಕೊಟ್ಟ ಚಳವಳಿ ಅದು. ಜಾಲರಿಯ ಹಿಂದೆ ಕೂತು ಚಿಲ್ಲರೆ ಎಣಿಸುವ ಹುಡುಗ ನಮ್ಮ ಶತ್ರುವಲ್ಲ. ಅವನೂ ಸಂಬಳದ ಆಳು. ನೆಲದ ಮೇಲೆ ಕೂತು ಕುಡಿಯುವ ಅಣ್ಣನಂತೂ ನಮ್ಮ ಶತ್ರುವಲ್ಲವೇ ಅಲ್ಲ. ಅವನಿಗೆ ಬೈದು ಬರೆದ ಕರಪತ್ರ ಮೇಲುಕೇರಿಯವರಿಗೆ ಓದಲು ಚೆನ್ನಾಗಿರುತ್ತದೆ, ಅಷ್ಟೇ.

ಆದ್ದರಿಂದ ಓದುಗ ಗೆಳೆಯರಲ್ಲಿ, ಅದರಲ್ಲೂ ಹಳ್ಳಿಯಲ್ಲಿರುವ ಮೇಷ್ಟ್ರುಗಳಲ್ಲಿ, ಸಂಘಟನೆಯ ಹುಡುಗರಲ್ಲಿ ನಾವು ಕೇಳುವುದು ದೊಡ್ಡದಲ್ಲ. ನಿಮ್ಮೂರಿನ ಕೂಲಿ ಎಲ್ಲಿ ಬಟವಾಡೆ ಆಗುತ್ತದೆ ಎಂದು ಒಂದು ಸಂಜೆ ಹೋಗಿ ನೋಡಿ. ಹೆಂಡದಂಗಡಿಯ ಮುಂದೆ ಆಗುತ್ತಿದ್ದರೆ ಅಲ್ಲಿಂದ ಎಬ್ಬಿಸಿ. ಹೊಲದ ಬದುವಿನ ಮೇಲೆ, ಬೆಳಕಿದ್ದಾಗ, ತಲೆತಲೆಗೆ ಲೆಕ್ಕ ಮಾಡಿ, ಚಿಲ್ಲರೆ ಸಮೇತ ಕೊಡಿಸಿ. ಹೆಣ್ಣಾಳಿನ ಕೂಲಿ ಹೆಣ್ಣಾಳಿನ ಕೈಗೇ ಬರಲಿ, ಗಂಡಾಳಿಗೆ ಕೊಟ್ಟಷ್ಟೇ ಬರಲಿ. ಮೇಸ್ತ್ರಿ ಒಪ್ಪದಿದ್ದರೆ ಐದು ಆಳು ಒಟ್ಟಿಗೆ ನಿಂತು ನಾಳೆ ಬರುವುದಿಲ್ಲ ಎಂದರೆ ಒಪ್ಪುತ್ತಾನೆ. ಶುಂಠಿ ನೆಲದಲ್ಲಿ ಕೊಳೆಯುವುದನ್ನು ಯಾವ ಧಣಿಯೂ ನೋಡುತ್ತ ಕೂರುವುದಿಲ್ಲ.

ಎರಡನೆಯದು, ಸಂಜೆ ಹೊತ್ತು ಮೈಕೈ ನೋವಿನಿಂದ ಬಂದ ಮನುಷ್ಯನಿಗೆ ಕೂರಲು, ಮಾತಾಡಲು, ನಗಲು ಊರಿನಲ್ಲಿ ಇನ್ನೊಂದು ಜಾಗ ಬೇಕು. ಕೇರಿಯ ಸಮುದಾಯ ಭವನಕ್ಕೆ ಬೀಗ ಹಾಕಿದ್ದರೆ ಆ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಪಂಚಾಯಿತಿಯ ಗ್ರಂಥಾಲಯ ಆ ಹೊತ್ತಿಗೆ ತೆರೆದಿರಲಿ. ಅಲ್ಲಿ ಹೆಂಗಸರೂ ಕೂರುವಂತಿರಲಿ. ಒಂದು ಒಲೆ, ಒಂದು ಚಾ ಪಾತ್ರೆ ಇಡಿ. ಲೋಟಗಳು ಮಾತ್ರ ಹಿತ್ತಾಳೆಯದೋ ಸ್ಟೀಲಿನದೋ ಆಗಿರಲಿ. ಎಲ್ಲರೂ ಕುಡಿದ ಲೋಟವನ್ನು ಎಲ್ಲರೂ ಸರದಿಯ ಮೇಲೆ ತೊಳೆಯಲಿ. ಗೌಡರ ಮಗ ಕಾಕಾ ಎಂದು ಹೆಗಲ ಮೇಲೆ ಕೈ ಹಾಕುವುದಿದ್ದರೆ ಅಲ್ಲಿಗೆ ಬರಲಿ, ಅಮಲಿಲ್ಲದ ಹೊತ್ತಿನಲ್ಲಿ ಬರಲಿ.

ಅಂಗಡಿ ಮುಚ್ಚಿಸುವ ಹೋರಾಟ ಅದರ ಜೊತೆಗೇ ನಡೆಯುತ್ತದೆ, ನಡೆಯಬೇಕು. ಆ ಹುಡುಗ ಕೈಯಲ್ಲಿ ಪಾಕೀಟು ಹಿಡಿದು ನಿಂತಾಗ ನಮ್ಮ ಮೇಷ್ಟ್ರು ಹತ್ತಿರ ಹೋಗಿ, ಅದನ್ನು ಇಸಿದುಕೊಂಡು, ಜಾಲರಿಯ ಕಂಡಿಯಲ್ಲಿ ವಾಪಸು ಇಟ್ಟು, 'ದುಡ್ಡು ಕೊಡಪ್ಪಾ' ಎಂದರು. ಒಳಗಿನವನು ಅವರ ಮುಖ ನೋಡಿದ. ಸುತ್ತಲಿನವರೂ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದುಡ್ಡು ಹೊರಗೆ ಬಂತು. ಬೆಳಕಿನ ಅಂಚಿನಲ್ಲಿದ್ದ ಆ ಹೆಂಗಸು ಎರಡು ಹೆಜ್ಜೆ ಮುಂದೆ ಬಂದು, ಗಂಡನ ಹೆಸರು ಹಿಡಿದು ಕೂಗಿ, 'ನಮ್ದೂ ವಾಪಸ್ ಕೊಡು ಅನ್ನು' ಎಂದಳು.